ಬಂಗಾಳಕೊಲ್ಲಿಯಲ್ಲಿ ಒಂದು ಬೂಟು

ಭೂಗೋಳದ ಮೇಷ್ಟರಿಗೆ ಇರುವಷ್ಟು ಧೈರ್ಯ ಲೋಕದಲ್ಲಿ ಇನ್ಯಾರಿಗೂ ಇಲ್ಲ. ಹಿಮಾಲಯದ ಬುಡವನ್ನೂ ಕಾಣದವನು ಮಡಿಕೆ ಪರ್ವತಗಳು ಹೇಗೆ ಮೇಲೆದ್ದವು ಎಂದು ಮುಕ್ಕಾಲು ಗಂಟೆ ವಿವರಿಸುತ್ತಾನೆ. ವಿಜ್ಞಾನದವರು ಪ್ರನಾಳ ಹಿಡಿದು ಬಣ್ಣ ಬದಲಾಗುವುದನ್ನು ತೋರಿಸಬೇಕು, ಗಣಿತದವರು ಲೆಕ್ಕ ಬಿಡಿಸಿ ತಾಳೆ ನೋಡಬೇಕು. ನಾವು ಬೋರ್ಡಿನ ಮೇಲೆ ಒಂದು ಸೊಟ್ಟ ಗೆರೆ ಎಳೆದು 'ಇದು ಕೊಲ್ಲಿ' ಎಂದರೆ ಮುಗಿಯಿತು. ಅಳೆದು ನೋಡುವವರು ಯಾರು?

ನಾನು ಹೊನ್ನಾವರದ ಕಡೆಯವನು. ಶರಾವತಿ ಅರಬ್ಬೀ ಸಮುದ್ರಕ್ಕೆ ಸೇರುವ ಅಳಿವೆಯ ದಡದಲ್ಲಿ ಬೆಳೆದದ್ದರಿಂದ ಜಲಪಾತ, ಕಮರಿ, ಹಿನ್ನೀರು, ನಡುಗಡ್ಡೆ ಇವನ್ನೆಲ್ಲ ಬಾಯಿಪಾಠ ಮಾಡುವ ಪ್ರಸಂಗವೇ ನನಗೆ ಬರಲಿಲ್ಲ. ಸರ್ಕಾರ ನನಗೆ ಕೆಲಸ ಕೊಟ್ಟಿದ್ದು ಮಾತ್ರ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಆದೇಶಪತ್ರ ಕೈಗೆ ಬಂದಾಗ ನಾನು ಹಿಗ್ಗಿದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ, ಇವೆಲ್ಲ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲೇ ತಾನೆ! ಹೋಗಿ ನೋಡಿದರೆ, ಐದು ಹೆಣ್ಣುಮಕ್ಕಳನ್ನು ಹೆತ್ತು ಒಬ್ಬಳ ಮುಖವನ್ನೂ ಕಾಣದ ತವರುಮನೆಯ ಹಾಗಿತ್ತು ಊರು. ಸೇತುವೆ ಇತ್ತು, ಸೇತುವೆಗೆ ನದಿಯ ಹೆಸರಿನ ಫಲಕವೂ ಇತ್ತು. ಕೆಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಮೊದಲ ಪಾಠದಲ್ಲೇ ಕೇಳಿದೆ: "ನದಿಯ ಉಗಮಸ್ಥಾನ ಅಂದರೆ ಏನು?"

"ಬೋರು ಸಾ!" ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು.

"ಉಪನದಿ?"

ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಆಮೇಲೆ ಹಿಂದಿನ ಬೆಂಚಿನಿಂದ ಉತ್ತರ ಬಂತು: "ಟ್ಯಾಂಕರ್ ಸಾ."

ಇದೇ ಹೊತ್ತಿಗೆ ನಮಗೊಂದು ತರಬೇತಿಯಾಯಿತು. ಚಾರ್ಟು, ಸ್ಕೆಚ್ ಪೆನ್ನು, ಎರಡು ಸಲ ಚಹಾ, ಕೈತಟ್ಟಿ ಹಾಡುವ ಒಂದು ಹಾಡು. ಮಗು ಮಾಡಿ ಕಲಿಯಬೇಕು ಎಂಬುದು ಅದರ ಸಾರ. ಹೇಳಿದವರು ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯಿಂದ ಎದ್ದಿರಲಿಲ್ಲ. ಇರಲಿ, ನಾನು ಎದ್ದೆ. ಶಾಲೆಯ ಅಂಗಳದಲ್ಲಿ ಶೌಚಾಲಯ ಕಟ್ಟಿ ಮಿಕ್ಕಿದ್ದ ಮರಳಿನ ರಾಶಿ ಕಣ್ಣಿಗೆ ಬಿತ್ತು. ದಕ್ಷಿಣ ಭಾರತವನ್ನು ಅಲ್ಲೇ ಸೃಷ್ಟಿಸುವುದೆಂದು ತೀರ್ಮಾನಿಸಿಬಿಟ್ಟೆ.

ಪಶ್ಚಿಮ ಘಟ್ಟಕ್ಕೆ ಇಟ್ಟಿಗೆ, ಪ್ರಸ್ಥಭೂಮಿಗೆ ಮರಳು, ನಂದಿಬೆಟ್ಟಕ್ಕೆ ಒಂದು ದಪ್ಪ ಕಲ್ಲು. ನಿಜವಾದ ಬೆಟ್ಟದ ಎತ್ತರ 1,478 ಮೀಟರು. ನಮ್ಮದು ಮೊಣಕಾಲಿಗೆ ಬರುತ್ತಿತ್ತು. ಪೂರ್ವಕ್ಕೆ, ಅಂದರೆ ಗೇಟಿನ ಪಕ್ಕ, ಗುಂಡಿ ತೋಡಿ ಪ್ಲಾಸ್ಟಿಕ್ ಹಾಸಿ ಮೇಲೊಂದಿಷ್ಟು ಕೆಸರು ಮೆತ್ತಿ ಬಂಗಾಳಕೊಲ್ಲಿ ಮಾಡಿದೆವು. ಇನ್ನು ನೀರು. ಬಿಸಿಯೂಟದ ಅಕ್ಕ ಸಂಪಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು, "ಸಾ, ನೀರು ಸಾರಿಗೆ ಬೇಕಾ, ಸಮುದ್ರಕ್ಕೆ ಬೇಕಾ, ಒಂದು ಹೇಳಿ" ಎಂದರು. ಸಮುದ್ರ ಎಂದೆ. ಅಕ್ಕಿ ತೊಳೆದ ನೀರು ಕೊಟ್ಟರು.

ನಂದಿಯ ನೆತ್ತಿಯಿಂದ ಕೊಡ ಬಗ್ಗಿಸಿದೆ. ನೀರು ಹರಿಯಬೇಕು, ದಡ ಕೊರೆಯಬೇಕು, ಬಳುಕಬೇಕು, ಕೊನೆಗೆ ನೆಲ್ಲೂರಿನ ಹತ್ತಿರ ಕವಲೊಡೆದು ಮುಖಜ ಭೂಮಿ ಕಟ್ಟಬೇಕು ಎಂಬುದು ಯೋಜನೆ. ಮರಳು ಗಟಗಟನೆ ಕುಡಿಯಿತು. ಇನ್ನೊಂದು ಕೊಡ ಸುರಿದೆ. ಅದನ್ನೂ ಕುಡಿಯಿತು. ಎಷ್ಟು ಸುರಿದರೂ ನನ್ನ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಲಿಲ್ಲ. ನಾನು ಬೆವರುತ್ತಿದ್ದರೆ ಒಬ್ಬ ಹುಡುಗ ಸಮಾಧಾನ ಹೇಳಿದ: "ಸರಿಯಾಗೇ ಐತೆ ಸಾ. ನಮ್ ಹೊಳೇನೂ ಹಿಂಗೇ."

ಆಮೇಲೆ ಆಡಳಿತ ಮಕ್ಕಳ ಕೈಗೆ ಹೋಯಿತು. ಯಾರೋ ಕೆರೆಯಂಗಳದಿಂದ ಗೋಡುಮಣ್ಣು ತಂದು ತಳಕ್ಕೆ ಬಳಿದರು. ಇನ್ಯಾರೋ ಏರಿ ಕಟ್ಟಿ, ರೀಫಿಲ್ ತೆಗೆದ ಬಾಲ್‌ಪೆನ್ನಿನ ಕೊಳವೆ ತೂರಿಸಿ ತೂಬು ಮಾಡಿದರು. ಬದಿಗೆ ಜಲ್ಲಿಕಲ್ಲು ಜೋಡಿಸಿ ಕೋಡಿ ಇಟ್ಟರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನದಿ ನಂಬದ ಸೀಮೆಯಲ್ಲಿ ಅವರ ಮುತ್ತಾತಂದಿರು ಮಾಡಿದ್ದು ಇದನ್ನೇ. ಅವರಿಗೆ ಯಾರೂ ಚಾರ್ಟು ಕೊಟ್ಟಿರಲಿಲ್ಲ.

ಎಲ್ಲ ಕೆರೆಯೂ ತುಂಬಿ ನಾನು ಹೆಮ್ಮೆಯಿಂದ ಮೀಸೆ ಮುಟ್ಟಿಕೊಳ್ಳುವಾಗ ಕ್ಲಸ್ಟರಿನ ಸಾಹೇಬರು ಮೊಬೈಲ್ ನೋಡುತ್ತಾ ಗೇಟು ದಾಟಿದರು. ದಾಟಿದವರು ನೇರವಾಗಿ ಬಂಗಾಳಕೊಲ್ಲಿಗೆ ಕಾಲಿಟ್ಟರು.

ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಾಹೇಬರೂ ನಿಂತರು. ಬಲಗಾಲಿನ ಹಿಮ್ಮಡಿ ಕೋರಮಂಡಲ ತೀರದ ಮೇಲೆ, ಮುಂಗಾಲು ನೀರಿನಲ್ಲಿ. "ಸಾ, ಮೂರು ಕಡೆ ನೀರು, ಒಂದು ಕಡೆ ನೆಲ!" ಎಂದು ಮುಂದಿನ ಸಾಲಿನ ಹುಡುಗಿ ಕೂಗಿದಳು. "ಪರ್ಯಾಯ ದ್ವೀಪ!" ಎಂದು ಉಳಿದವರು ಉತ್ತರಿಸಿದರು. ಅಷ್ಟು ಚುರುಕಾದ ಉತ್ತರ ನನ್ನ ತರಗತಿಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ಸಾಹೇಬರು ಗಾಬರಿಯಿಂದ ಎಡಗಾಲನ್ನೂ ಇಳಿಸಿದರು. ಎರಡು ಬೂಟುಗಳ ನಡುವೆ ಕಿರಿದಾದ ನೀರು. "ಜಲಸಂಧಿ!" ಈ ಗಲಾಟೆಯಲ್ಲಿ ಕೊನೆಯ ಕೆರೆಯ ಏರಿ ಒಡೆಯಿತು, ನೀರೇರಿತು, ಬಲಬೂಟಿನ ಸುತ್ತ ಆವರಿಸಿತು. "ದ್ವೀಪ ಆಯ್ತು ಸಾ!" ನಾನು ಗದರಬೇಕಿತ್ತು. ಕೈಯಲ್ಲಿದ್ದ ಕೋಲಿನಿಂದ ಬೂಟು ತೋರಿಸಿ, "ದ್ವೀಪ ಎಂದರೇನು, ಪೂರ್ತಿ ವಾಕ್ಯದಲ್ಲಿ ಹೇಳಿ" ಎಂದುಬಿಟ್ಟೆ.

ಅವರು ಕಾಲು ಕಿತ್ತರು. ಕಾಲುಚೀಲ ಬಂತು, ಬೂಟು ಬರಲಿಲ್ಲ. ಅದು ಕೂತಿದ್ದ ಜಾಗವೋ, ತಮಿಳುನಾಡಿನ ಆಗ್ನೇಯಕ್ಕೆ, ಶ್ರೀಲಂಕಾ ಎಲ್ಲಿರಬೇಕೋ ಸರಿಯಾಗಿ ಅಲ್ಲೇ. ಬಿಚ್ಚಿದ ಲೇಸು ರಾಮೇಶ್ವರದತ್ತ ಚಾಚಿತ್ತು. ರಾಮಸೇತು ಎಂದು ನಾನು ಹೇಳಬೇಕಾಗಲೇ ಇಲ್ಲ. ಅದರ ಉತ್ತರಕ್ಕೆ ಪಾಕ್ ಜಲಸಂಧಿ, ದಕ್ಷಿಣಕ್ಕೆ ಮನ್ನಾರ್ ಖಾರಿ ಎಂದಷ್ಟೇ ಸೇರಿಸಿದೆ. ಅಷ್ಟರಲ್ಲಿ ಬೂಟಿನೊಳಗೂ ನೀರು ನುಗ್ಗಿ ದ್ವೀಪದ ಮಧ್ಯೆ ಒಂದು ಸರೋವರ ಏರ್ಪಟ್ಟಿತು. ಸಾಹೇಬರು ಒಂಟಿಗಾಲಿನಲ್ಲಿ ನಿಂತುಕೊಂಡೇ, "ಇದರ ಕಲಿಕಾ ಫಲ ಏನ್ರೀ?" ಎಂದು ಕೇಳಿದರು. ತಮ್ಮ ಬೂಟೇ ಸಾರ್ ಎನ್ನುವ ಮಾತು ತುಟಿಯವರೆಗೆ ಬಂದಿತ್ತು. ಸಂಬಳದ ನೆನಪಾಗಿ ನುಂಗಿದೆ. ಕೊನೆಗೆ ಅವರು ಗುಂಪಿನ ಫೋಟೋ ತೆಗೆಸಿಕೊಂಡರು, ಸೊಂಟದಿಂದ ಮೇಲಕ್ಕೆ ಮಾತ್ರ.

ಮರುದಿನ ಕಾರಣ ಕೇಳಿ ಮೆಮೊ ಬಂತು. ಉತ್ತರ ಬರೆದೆ. ಆ ವಿಷಯ ಅಲ್ಲಿಗೆ ಸಾಕು.

ಹೇಳಬೇಕಾದ್ದು ಬೇರೆ ಇದೆ. 2021ರ ನವೆಂಬರಿನಲ್ಲಿ ಈ ಸೀಮೆಯಲ್ಲಿ ಮಳೆ ಹುಚ್ಚೆದ್ದು ಸುರಿಯಿತು. ಕೆರೆಗಳು ಕೋಡಿ ಬಿದ್ದವು, ಒಣಗಿದ್ದ ಹೊಳೆಗಳು ಸೇತುವೆಯ ಕೆಳಗೆ ಕೆಂಪಗೆ ಹರಿದವು. ಶಾಲೆಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಹೋದರೆ ಊರಿಗೆ ಊರೇ ದಡದಲ್ಲಿತ್ತು. ಹೆಂಗಸರು ಅರಿಶಿನ ಕುಂಕುಮ ಬಿಡುತ್ತಿದ್ದರು. ನಮ್ಮೂರಲ್ಲಿ ಮಳೆಗಾಲದ ಹೊಳೆ ಎಂದರೆ ಬೈಗುಳ. ಇಲ್ಲಿ ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಸ್ವಲ್ಪ ದಿನಕ್ಕೆ ಹರಿವು ನಿಂತಿತು. ಮತ್ತೆ ಸಾವಿರ ಅಡಿ ದಾಟಿದ ಬೋರು, ಫ್ಲೋರೈಡ್ ನೀರು, ಟ್ಯಾಂಕರ್ ಬರುವ ದಿನ ಹಾಜರಿಯಲ್ಲಿ ಕಾಣೆಯಾಗುವ ಹುಡುಗಿಯರು. ಹೊಳೆಯ ಮರಳನ್ನು ಲಾರಿಗೆ ತುಂಬಿ ಸಾಗಿಸಿದವರು, ಕಾಲುವೆ ಮುಚ್ಚಿ ಸೈಟು ಮಾಡಿದವರು ಯಾರೂ ಭೂಗೋಳದಲ್ಲಿ ನಪಾಸಾದವರಲ್ಲ.

ಆ ವರ್ಷದ ಪರೀಕ್ಷೆಯಲ್ಲಿ ಕರ್ನಾಟಕದ ನಕ್ಷೆ ಕೊಟ್ಟು ಉತ್ತರ ಪಿನಾಕಿನಿಯನ್ನು ಗುರುತಿಸಲು ಹೇಳಿದ್ದೆ. ಮೂರು ಕಡೆ ನೀರು ಎಂದು ಕೂಗಿದ್ದ ಹುಡುಗಿ ನದಿಯನ್ನು ಕರಿ ಪೆನ್ಸಿಲಿನಲ್ಲಿ ಎಳೆದಿದ್ದಳು. ನದಿಗೆ ನೀಲಿ ಹಾಕಬೇಕು, ಅರ್ಧ ಅಂಕ ಕತ್ತರಿಸಿ ಎಂದರು ಪಕ್ಕದಲ್ಲಿ ಕೂತು ಮೌಲ್ಯಮಾಪನ ಮಾಡುತ್ತಿದ್ದ ಸಹೋದ್ಯೋಗಿ. ನಾನು ಪೂರ್ಣಾಂಕ ಕೊಟ್ಟೆ. ಸರ್ವೆ ಆಫ್ ಇಂಡಿಯಾದ ಟೋಪೋಶೀಟಿನಲ್ಲಿ ನೀರಿರುವ ಹೊಳೆಗೆ ನೀಲಿ ಗೆರೆ, ಒಣಗಿದ ಹೊಳೆಗೆ ಕಪ್ಪು ಗೆರೆ.