ಉಟ್ಟ ಬಟ್ಟೆಯ ಉತ್ತರಮೀಮಾಂಸೆ

ಗಡಿನಾಡಿನ ಬಗ್ಗೆ ಬರೆಯುವ ಯಾವುದೇ ಪ್ರಬಂಧ ಕಾವೇರಿ–ಗೋದಾವರಿಗಳಿಂದಲೇ ಆರಂಭವಾಗಬೇಕೆಂಬುದು ವಿದ್ವಾಂಸರ ಅಲಿಖಿತ ಕಾನೂನು. ಅದನ್ನು ಮುರಿಯುವ ಎದೆಗಾರಿಕೆ ನಮಗಿಲ್ಲ. ಆದಕಾರಣ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿದ ನಾಡಿನಲ್ಲಿ, ಗೋದಾವರಿಗೆ ನೀರು ಒಯ್ಯುವ ಮಾಂಜರಾ ನದಿಯ ಆಸುಪಾಸಿನಲ್ಲಿ, ಉಮರ್ಗಾ, ನಿಲಂಗಾ, ಉದಗೀರ ಎಂಬ ಮೂರು ಊರುಗಳಿವೆ. ಈ ಮೂರನ್ನೂ ಗೆರೆ ಎಳೆದು ಕೂಡಿಸಿದರೆ ಒಂದು ತ್ರಿಕೋನವಾಗುತ್ತದೆ. (ಒಂದೇ ಗೆರೆಯಲ್ಲಿಲ್ಲದ ಯಾವ ಮೂರು ಊರು ಕೂಡಿಸಿದರೂ ತ್ರಿಕೋನವೇ ಆಗುತ್ತದಲ್ಲ ಎಂಬ ಆಕ್ಷೇಪ ನಮ್ಮ ಕಿವಿಗೆ ಬಿದ್ದಿದೆ. ಪರಿಶೀಲಿಸಿ ಕೈಬಿಟ್ಟಿದ್ದೇವೆ.) ಹಳೇ ಬಟ್ಟೆಯನ್ನು ಆನ್‌ಲೈನಿನಲ್ಲಿ ಮಾರುವ, ಕೊಳ್ಳುವ ವಿದ್ಯೆ ಅಮೆರಿಕದಲ್ಲೋ ಕೋರಮಂಗಲದಲ್ಲೋ ಹುಟ್ಟಿತೆಂದು ಲೋಕ ನಂಬಿದೆ. ಅದು ಈ ತ್ರಿಕೋನದೊಳಗೆ ಎಷ್ಟೋ ತಲೆಮಾರು ಮೊದಲೇ ಸರ್ವಾಂಗಸಂಪನ್ನವಾಗಿ ನೆಲೆಸಿತ್ತು, ಮೊಬೈಲು ಬಂದು ಕೆಡಿಸಿತು ಎಂಬುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಕ್ಷೇತ್ರದ ಅರ್ಹತೆಯನ್ನು ಮೊದಲು ಸ್ಥಾಪಿಸಬೇಕು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಹಂಚಿದಾಗ ಬೀದರ ಜಿಲ್ಲೆಯ ಬೀದರ, ಭಾಲ್ಕಿ, ಹುಮನಾಬಾದ, ಔರಾದ ಮೈಸೂರಿನ ಪಾಲಾದವು. ಅದೇ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಹೋದವು. 1982ರಲ್ಲಿ ಲಾತೂರ ಜಿಲ್ಲೆ ಆಯಿತು. ಅಂದರೆ ಬೀದರ ಬಿಚ್ಚಿಟ್ಟ ತಾಲೂಕುಗಳನ್ನು ಉಸ್ಮಾನಾಬಾದ ಇಪ್ಪತ್ತಾರು ವರ್ಷ ಉಟ್ಟು, ಆಮೇಲೆ ಲಾತೂರಿಗೆ ದಾಟಿಸಿತು. ಹೀಗೆ ಸ್ವತಃ ಮೂರನೇ ಕೈಗೆ ಬಂದ ಊರುಗಳು ಸೆಕೆಂಡ್ ಹ್ಯಾಂಡ್ ವ್ಯಾಪಾರದ ಮೇಲೆ ಅಧಿಕಾರವಾಣಿಯಿಂದ ಮಾತಾಡದಿದ್ದರೆ ಇನ್ನಾರು ಮಾತಾಡಬೇಕು? ಉಮರ್ಗಾ ಮೊದಲಿನಿಂದಲೂ ಉಸ್ಮಾನಾಬಾದದ್ದೇ. ಹೀಗಾಗಿ ಅದು ಒಂದೇ ಮಾಲೀಕರ ಬಳಿ ಉಳಿದ ಮಾಲು. ಜಾಹೀರಾತಿನಲ್ಲಿ ಇದಕ್ಕೆ ಬೆಲೆ ಹೆಚ್ಚು.

ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ. ನಿಲಂಗಾದ ಒಂದು ಓಣಿ, ಮಧ್ಯಾಹ್ನ, ಗಂಡಸರು ಮನೆಯಲ್ಲಿಲ್ಲದ ಹೊತ್ತು. ಇದು ಆಕಸ್ಮಿಕವಲ್ಲ, ಮುಹೂರ್ತ. ಗಂಡನ ಪ್ಯಾಂಟು ಬಿಕರಿಯಾಗುವಾಗ ಗಂಡ ಎದುರಿಗಿರಬಾರದೆಂಬುದು ಸಂಪ್ರದಾಯ. ತಲೆಯ ಮೇಲಿನ ಬುಟ್ಟಿಯಲ್ಲಿ ಸ್ಟೀಲಿನ ಡಬ್ಬಿ, ತಂಬಿಗೆ, ಪರಾತ. ಹೆಗಲಿಗೆ ಬಟ್ಟೆಯ ಗಂಟು. ‘ಹಳೇ ಅರಿಬಿಗಿ ಭಾಂಡೇ’ ಎಂದು ಕೂಗುತ್ತ ಭಾಂಡೆದಾಕಿ ಬರುತ್ತಾಳೆ. ಸೀರೆಯ ಸೆರಗು, ಅಂಚು ತೋರಿಸಿ ಮರುಳು ಮಾಡುವ ಆಟ ಅವಳೆದುರು ನಡೆಯದು. ನೇರವಾಗಿ ನಡುವಿನ ಮಡಿಕೆ ಬಿಚ್ಚಿ ಬಿಸಿಲಿಗೆ ಹಿಡಿಯುತ್ತಾಳೆ. ನೆರಿಗೆ ಕೂರುವ ಕಡೆ ಎರಡೂ ಹೆಬ್ಬೆರಳಿಟ್ಟು ಒಂದೇ ಒಂದು ಸಲ ಜಗ್ಗುತ್ತಾಳೆ. ಜೀರ್ಣವಾದ ಬಟ್ಟೆ ಅಲ್ಲೇ ಬಾಯಿ ಬಿಡುತ್ತದೆ. ಅಂಗಿಯಾದರೆ ಕಾಲರಿನ ಒಳಬದಿ, ಪ್ಯಾಂಟಾದರೆ ಮೊಣಕಾಲು ಮತ್ತು ಕೂರುವ ಜಾಗ. ಆಮೇಲೆ ಸಂವಾದ:

‘ಎರಡು ಸೀರಿ, ಒಂದು ಪ್ಯಾಂಟ. ಈ ಡಬ್ಬಿ ಬರ್ತದ ನೋಡ್ರಿ ಅಕ್ಕಾ.’

‘ಅಯ್ಯ, ಆ ಸೀರಿ ಒಂದೇ ಸಲ ಉಟ್ಟೀನಿ. ಅದೂ ನಮ್ಮ ತಮ್ಮನ ಮದವ್ಯಾಗ.’

‘ತಮ್ಮಗ ಮಕ್ಕಳು ಎಷ್ಟರಿ?’

‘ಇಬ್ಬರು.’

‘ಮತ್ತ?’

ಈ ‘ಮತ್ತ’ದ ಎದುರು ಯಾವ ತರ್ಕವೂ ನಿಲ್ಲುವುದಿಲ್ಲ. ಡಬ್ಬಿ ಕೈಸೇರಿದ ಮೇಲೆ ಮನೆಯಾಕೆ ‘ಇದಕ್ಕ ಮುಚ್ಚಳ?’ ಎನ್ನುತ್ತಾಳೆ. ‘ಮುಚ್ಚಳಕ್ಕ ಇನ್ನೊಂದು ಅಂಗಿ ಹಾಕ್ರಿ’ ಎಂಬ ಉತ್ತರ ಬರುತ್ತದೆ. ಇಂದಿನ ಆಪುಗಳು ಬಟ್ಟೆಗೆ ಒಂದು ದರ ಹೇಳಿ, ಕೊನೆಯ ಪುಟದಲ್ಲಿ ಡೆಲಿವರಿಗೆ ಬೇರೆ ಹಣ ಕೇಳುವುದನ್ನು ದೊಡ್ಡ ತಂತ್ರವೆಂದು ಭಾವಿಸಿವೆ. ಅದು ಶುದ್ಧ ಮುಚ್ಚಳ ನ್ಯಾಯ. ಈ ಕಸುಬು ನಿಲಂಗಾಕ್ಕೆ ಸೀಮಿತವಲ್ಲ. ದಿಲ್ಲಿಯ ರಘುವೀರ ನಗರದಲ್ಲಿ ಇದೇ ಕಸುಬಿನ ವಾಘರಿ ಹೆಂಗಸರು ಮನೆಮನೆಯಿಂದ ತಂದ ಬಟ್ಟೆಯನ್ನು ಬೆಳಕು ಹರಿಯುವ ಮೊದಲೇ ಸಂತೆಯಲ್ಲಿ ಹರಡುತ್ತಾರೆ. ರಾಜಧಾನಿಯಲ್ಲಿ ನಡೆದ ಕಾರಣ ಅದರ ಮೇಲೆ ಪುಸ್ತಕಗಳು ಬಂದವು. ನಿಲಂಗಾದ ಓಣಿಯ ಮೇಲೆ ಬಂದದ್ದು ಈ ಪ್ರಬಂಧ ಮಾತ್ರ.

ಇನ್ನು ದೋಷವಿಚಾರ. ಮೊಬೈಲಿನಲ್ಲಿ ಮಾರುವವರು ಬಟ್ಟೆಯ ಎಲ್ಲ ಐಬುಗಳನ್ನೂ ‘ಸಣ್ಣ ಡಿಫೆಕ್ಟ್’ ಎಂಬ ಒಂದೇ ಮಾತಿನಲ್ಲಿ ತೇಲಿಸಿಬಿಡುತ್ತಾರೆ. ಕೇಶಿರಾಜನಂಥ ವೈಯಾಕರಣನನ್ನು ಪಡೆದ ಭಾಷೆಯವರಿಗೆ ಇದು ಶೋಭಿಸದು. ಗುಂಡಿ ಉದುರಿದ್ದರೆ ಲೋಪ. ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಉಮರ್ಗಾದ ಬಳಿ ಢಾಬಾ ಹೊಕ್ಕು ಹೊರಬಂದಾಗ ಎದೆಯ ಮೇಲೆ ಮೊದಲಿಲ್ಲದ ಹಳದಿ ಕಲೆ ಕಾಣಿಸಿಕೊಂಡರೆ ಆಗಮ. ಬಿಳಿ ಗುಂಡಿ ಹೋದ ಜಾಗಕ್ಕೆ ಕರಿ ಗುಂಡಿ ಬಂದು ಕೂತರೆ ಆದೇಶ. ಹೊಟ್ಟೆ ಬೆಳೆದದ್ದಕ್ಕೆ ದರ್ಜಿ ಎರಡೂ ಬಗಲು ಬಿಚ್ಚಿ ಬೇರೆ ಬಟ್ಟೆ ಕೂಡಿಸಿದ್ದರೆ ಸಮಾಸ. ಕೂಡಿಸಿದ ಬಟ್ಟೆಯ ಜಾತಿ ಹೊಂದದಿದ್ದರೆ ಅದನ್ನು ಅರಿಸಮಾಸವೆಂದೇ ನಮೂದಿಸಿ ಬೆಲೆ ಇಳಿಸತಕ್ಕದ್ದು. ‘ಒಮ್ಮೆ ಮಾತ್ರ ಧರಿಸಿದ್ದು’ ಎಂಬಲ್ಲಿ ‘ಒಮ್ಮೆ’ ಎಂಬುದು ಸಂಖ್ಯಾವಾಚಕವಲ್ಲ, ಅಲಂಕಾರ.

ಚಿತ್ರಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬಾಗಿಲಿಗೆ ನೇತುಹಾಕಿ ತೆಗೆದ ಅಂಗಿಯ ಫೋಟೋದಲ್ಲಿ ಮನೆಯ ಕ್ಯಾಲೆಂಡರ್, ತಂತಿಯ ಮೇಲಿನ ಬನಿಯನ್, ಮೂಲೆಯ ಕೂಲರ್ ಎಲ್ಲ ಬಂದಿರುತ್ತವೆ. ಏಪ್ರಿಲ್ ತಿಂಗಳ ಉದಗೀರದಲ್ಲಿ ಅಂಗಿಯನ್ನು ಯಾರೂ ಕೇಳುವುದಿಲ್ಲ. ‘ಹಿಂದಿನ ಕೂಲರ್ ಕೊಡೋದದ ಏನ್ರಿ?’ ಎಂದು ಕೇಳುತ್ತಾರೆ.

ಬೆಲೆಯ ಜಾಗದಲ್ಲಿ ಬೆಲೆ ಬರೆಯದೆ ‘ಇನ್‌ಬಾಕ್ಸಿಗೆ ಬನ್ನಿ’ ಎಂದು ಬರೆಯುವ ಪದ್ಧತಿಯ ಮೂಲ ಎಲ್ಲಿದೆ? ದನದ ಸಂತೆಯಲ್ಲಿ. ಉದಗೀರದ ಸೀಮೆ ದೇವಣಿ ತಳಿಯ ತವರು. ಹತ್ತಿರದ ಹಾಳಿ–ಹಂಡರಗುಳಿಯ ಸಂತೆ ದನಗಳಿಗೆ ಹೆಸರುವಾಸಿ. ನಮ್ಮ ಕಡೆಯ ದನದ ದಲಾಲರ ಹಳೆಯ ರೂಢಿಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ಲು ಹೊದಿಸಿ, ಒಳಗೆ ಬೆರಳು ಹಿಡಿದು ಸಾವಿರ, ನೂರು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಇನ್‌ಬಾಕ್ಸ್ ಎಂದರೆ ಇದೇ ಟವೆಲ್ಲು. ಒಂದೇ ವ್ಯತ್ಯಾಸ: ಟವೆಲ್ಲಿನ ಕೆಳಗೆ ಮೋಸ ಮಾಡುವವನು ಕೂಡ ನಿಮ್ಮ ಕೈ ಹಿಡಿದಿರಬೇಕಾಗುತ್ತದೆ.

ಈಗ ಪ್ರಬಂಧದ ಹೃದಯಭಾಗ: ಆಯೇರಿ. ಮದುವೆಯ ಬಸ್ತಾ ಕಟ್ಟುವಾಗ ಉಡುವ ಸೀರೆಗಳ ಗಂಟು ಬೇರೆ, ಕೊಡುವ ಸೀರೆಗಳ ಗಂಟು ಬೇರೆ ಇರುತ್ತದೆಂಬುದನ್ನು ಗಂಡು ವಿದ್ವಾಂಸರು ಗಮನಿಸಿದಂತಿಲ್ಲ. ಆಯೇರಿ ಸೀರೆಯನ್ನು ಯಾರೂ ಉಡುವುದಿಲ್ಲ, ಯಾರೂ ಬಿಸಾಡುವುದೂ ಇಲ್ಲ. ಕುಂಕುಮ ಹಚ್ಚಿ ಕೊಟ್ಟದ್ದನ್ನು ಕುಂಕುಮ ಹಚ್ಚಿಸಿಕೊಂಡು ತಂದು ಟ್ರಂಕಿನಲ್ಲಿಡುತ್ತಾರೆ. ಮುಂದಿನ ಸೀಮಂತಕ್ಕೋ ಗೃಹಪ್ರವೇಶಕ್ಕೋ ಅದು ಹೊರಡುತ್ತದೆ. ಕವರಿನೊಳಗೆ ಕೊಟ್ಟವರ ಹೆಸರಿನ ಚೀಟಿ ಇಡುವ ಮನೆಗಳುಂಟು. ಕೃತಜ್ಞತೆಗಲ್ಲ, ಅದೇ ಸೀರೆ ಅದೇ ಮನೆಗೆ ವಾಪಸಾಗದಿರಲೆಂದು. ನಿಲಂಗಾದಲ್ಲಿ ಕೊಂಡ ಸೀರೆ ಭಾಲ್ಕಿಯ ಬೀಗರ ಮನೆಗೆ, ಅಲ್ಲಿಂದ ಆಳಂದಕ್ಕೆ, ಆಳಂದದಿಂದ ಉಮರ್ಗಾಕ್ಕೆ ರಾಜ್ಯದ ಗಡಿಯನ್ನು ಲೆಕ್ಕಿಸದೆ ತಿರುಗುತ್ತಿರುತ್ತದೆ. ಗಡಿ ಆಯೋಗಗಳು ಹಳ್ಳಿಗಳನ್ನು ಎಣಿಸಿದವು. ಈ ಸೀರೆಗಳ ದಾರಿ ಹಿಡಿದು ಹೋಗಿದ್ದರೆ ಯಾವ ಊರು ಯಾವುದಕ್ಕೆ ಸೇರಿದ್ದೆಂಬುದು ಎಂದೋ ಇತ್ಯರ್ಥವಾಗುತ್ತಿತ್ತು.

ಈ ಸುಸ್ಥಿರ ವ್ಯವಸ್ಥೆಗೆ ಮೊಬೈಲು ಮಾಡಿದ ಹಾನಿಗೆ ಒಂದೇ ದೃಷ್ಟಾಂತ ಸಾಕು. ಉದಗೀರದ ಮನೆಯೊಂದರ ಸೊಸೆ ಟ್ರಂಕು ತೆರೆದು ಆಯೇರಿ ಸೀರೆಗಳ ಫೋಟೋ ತೆಗೆದು ‘ಹೊಸದು, ಉಟ್ಟಿಲ್ಲ, ನಾಲ್ಕು ನೂರು’ ಎಂದು ವಾಟ್ಸಾಪ್ ಗುಂಪಿಗೆ ಹಾಕಿದಳು. ಗುಂಪಿನಲ್ಲಿ ಗಂಡನ ಸೋದರತ್ತೆ ಇದ್ದರು. ಅರ್ಧ ಗಂಟೆಯಲ್ಲಿ ಫೋನು ಬಂತು.

‘ನಾ ಕೊಟ್ಟ ಸೀರಿ ನಾಕನೂರಕ್ಕ ಹಾಕೀದಿ ಏನವಾ?’

‘ಹಂಗಲ್ರಿ ಅತ್ತೀ, ನೀವು ಎಷ್ಟಕ್ಕ ತಂದಿದ್ರಿ ಹೇಳ್ರಿ, ಅಷ್ಟೇ ಹಾಕ್ತೀನಿ.’

ಫೋನಿನ ಆ ತುದಿ ಸುಮ್ಮನಾಯಿತು. ಅವರಿಗೂ ಅದು ಆಯೇರಿಯಲ್ಲೇ ಬಂದಿತ್ತು. ಬೆಲೆ ಯಾರಿಗೂ ಗೊತ್ತಿಲ್ಲದ ತನಕ ನಡೆಯುವ ವ್ಯಾಪಾರಕ್ಕೆ ಬೆಲೆ ಬರೆದದ್ದೇ ಅಪರಾಧ.

ಶಾಲು ಆಯೇರಿಯ ಸಾಹಿತ್ಯಿಕ ಶಾಖೆ. 2022ರ ಏಪ್ರಿಲ್‌ನಲ್ಲಿ 95ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಉದಗೀರದಲ್ಲೇ ನಡೆಯಿತು. ಆ ಸೆಖೆಯಲ್ಲಿ ಹೆಗಲೇರಿದ ಶಾಲುಗಳೆಲ್ಲ ಈಗ ಯಾರ ಕಪಾಟಿನಲ್ಲಿವೆ ಎಂಬ ಪ್ರಶ್ನೆಯನ್ನು ಎರಡೂ ಭಾಷೆಯ ವಿಮರ್ಶಕರು ಜಾಣತನದಿಂದ ಬಿಟ್ಟಿದ್ದಾರೆ.

ಇನ್ನು ಪ್ರಬಂಧಕಾರನ ಸ್ವಂತ ಆವಿಷ್ಕಾರ, ಉದಗೀರ–ಪಾಣಿಪತ ಸಿದ್ಧಾಂತ. 1760ರ ಫೆಬ್ರವರಿಯಲ್ಲಿ ಸದಾಶಿವರಾವ್ ಭಾವೂ ಉದಗೀರದಲ್ಲಿ ನಿಜಾಮನ ಸೇನೆಯನ್ನು ಸೋಲಿಸಿ ಸುಮಾರು 60 ಲಕ್ಷ ರೂಪಾಯಿ ಆದಾಯದ ಸೀಮೆಯನ್ನು ಬರೆಸಿಕೊಂಡ. ಆ ಗೆಲುವಿನ ಬೆನ್ನಿಗೇ ಅವನನ್ನು ಉತ್ತರಕ್ಕೆ ಕಳಿಸಿದರು. 1761ರ ಜನವರಿ 14ರಂದು ಪಾಣಿಪತದಲ್ಲಿ, ಹಸಿವು ಮತ್ತು ಚಳಿಯಲ್ಲಿ ನವೆದ ಸೇನೆ ನೆಲಕಚ್ಚಿತು. ಈಗ ಅದೇ ಪಾಣಿಪತ ಏನು ಮಾಡುತ್ತಿದೆ? ಲೋಕ ಉಟ್ಟು ಬಿಟ್ಟ ಬಟ್ಟೆಯಿಂದ ಕಂಬಳಿ ನೇಯುತ್ತಿದೆ. ಸುಂಕದ ಕಟ್ಟೆಗಳಲ್ಲಿ ಉಟ್ಟ ಬಟ್ಟೆಗೆ 6309, ಚಿಂದಿಗೆ 6310 ಎಂಬ ಅಂಕೆಗಳಿವೆ. ಚಳಿದೇಶಗಳ ಹಳೇ ಕೋಟು, ಸ್ವೆಟರುಗಳು ಕಾಂಡ್ಲಾ ಬಂದರಿನಲ್ಲಿಳಿದು ಅಲ್ಲಿಗೆ ಹೋಗುತ್ತವೆ. ಹೆಂಗಸರು ಸಾಲಾಗಿ ಕೂತು ಗುಂಡಿ, ಜಿಪ್ಪು, ಲೇಬಲ್ಲು ಕತ್ತರಿಸಿ ಬಣ್ಣಕ್ಕೊಂದು ರಾಶಿ ಹಾಕುತ್ತಾರೆ. ಯಂತ್ರ ಅದನ್ನು ಸಿಗಿದು ನಾರು ಮಾಡುತ್ತದೆ, ಆ ನಾರನ್ನು ಮತ್ತೆ ನೂಲುತ್ತಾರೆ. ಕೆಂಪು ರಾಶಿಯಿಂದ ಕೆಂಪು ನೂಲೇ ಬರುವುದರಿಂದ ಬಣ್ಣದ ಖರ್ಚು ಉಳಿಯುತ್ತದೆ. ನೆರೆ, ಭೂಕಂಪ ಬಂದಲ್ಲಿ ಹಂಚುವ ಅಗ್ಗದ ಕಂಬಳಿಗಳಿಗೆ ಈ ಊರು ಪ್ರಸಿದ್ಧ. ಭಾವೂ ಉದಗೀರದಿಂದ ಹೊರಡುವಾಗ ಭಾಂಡೆದಾಕಿಯನ್ನು ಜೊತೆಗೆ ಕರೆದೊಯ್ದಿದ್ದರೆ ಈ ಉದ್ಯಮ ಎರಡು ಶತಮಾನ ಮೊದಲೇ ಆರಂಭವಾಗಿ, ಸೇನೆಗೂ ಹೊದೆಯಲು ಸಿಗುತ್ತಿತ್ತೆಂಬುದು ನಮ್ಮ ನಮ್ರ ಅಭಿಪ್ರಾಯ. (1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಇದೇ ಸೀಮೆಯ ಕಿಲ್ಲಾರಿ ಭೂಕಂಪಕ್ಕೆ ನಡುಗಿದ ಮೇಲೆ ಮಳೆಯಲ್ಲಿ ನಿಂತವರಿಗೆ ಹೊದಿಕೆಯ ಬೆಲೆ ಗೊತ್ತು. ಅದರ ಬಗ್ಗೆ ಈ ಪ್ರಬಂಧ ನಗುವುದಿಲ್ಲ.) ಪಾಣಿಪತಕ್ಕೆ ಬೇಕಾದದ್ದು ಉಣ್ಣೆ, ಉದಗೀರದ ಟ್ರಂಕುಗಳಲ್ಲಿರುವುದು ಪಾಲಿಯೆಸ್ಟರ್ ಎಂದು ಆಕ್ಷೇಪಿಸುವವರಿಗೆ ಸಿದ್ಧಾಂತ ಮತ್ತು ವಾಸ್ತವದ ನಡುವಿನ ಅಂತರ ತಿಳಿಯದು.

ಪೂರ್ವಪಕ್ಷದವರು ಹೇಳುವುದಿಷ್ಟು: ಕಂಡವರು ಉಟ್ಟದ್ದನ್ನು ನಮ್ಮ ಜನ ಮೈಗೆ ಹಾಕುವುದಿಲ್ಲ, ಮಡಿ ಕೆಡುತ್ತದೆ. ಸಮಾಧಾನ ಹೀಗೆ. ಈ ಸೀಮೆಯಲ್ಲಿ ಹುಟ್ಟಿದ ಕೂಸಿನ ಮೈಗೆ ಮೊದಲು ತಾಗುವುದು ಅಜ್ಜಿಯ ಹಳೇ ನೂಲಿನ ಸೀರೆಯ ತುಂಡು. ಹೊಸ ಬಟ್ಟೆ ಒರಟು, ಕೂಸಿಗೆ ಆಗದು. ಆ ಕೂಸು ಮಲಗುವ ಕೌದಿಯಲ್ಲಿ ಸತ್ತ ಅಜ್ಜನ ಧೋತರವೂ ಇರುತ್ತದೆ, ಓಡಿಹೋದ ಚಿಕ್ಕಪ್ಪನ ಅಂಗಿಯೂ ಇರುತ್ತದೆ. ಹೀಗೆ ಹತ್ತು ಜನ ಉಟ್ಟದ್ದರ ಮೇಲೆ ಮಲಗಿ ಬೆಳೆದವರು ದೊಡ್ಡವರಾದ ಮೇಲೆ ಪುಣೆಯ ಅಪರಿಚಿತನ ಜೀನ್ಸ್ ನೋಡಿ ಮೂಗು ಮುರಿಯುವುದು ಶಾಸ್ತ್ರಸಮ್ಮತವಲ್ಲ.

ಕೊನೆಯದು ಪಿನ್ ಪ್ರಕರಣ. ಪಿನ್ ಎರಡು ವಿಧ. ಅಂಚೆಯ ಪಿನ್ 1972ರ ಆಗಸ್ಟ್ 15ರಂದು ಬಂತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಅಂಚೆ ಇಲಾಖೆಯ ಅಧಿಕಾರಿ, ಮೇಲಾಗಿ ಸಂಸ್ಕೃತ ಕವಿ. ಭಾಲ್ಕಿಗೆ 585328, ಉದಗೀರಕ್ಕೆ 413517. ರೈಲಿನಲ್ಲಿ ನಡುವೆ ಕಮಲನಗರ ದಾಟಿದರೆ ಉದಗೀರ ಬಂದೇಬಿಟ್ಟಿತು. ಆದರೆ ಆರಂಭದ ಅಂಕೆ ಐದರಿಂದ ನಾಲ್ಕಕ್ಕೆ ತಿರುಗುವುದರಿಂದ ಕೊರಿಯರಿನ ಪೊಟ್ಟಣ ದೊಡ್ಡೂರಿನ ಗೋದಾಮುಗಳಿಗೆ ನಮಸ್ಕರಿಸದೆ ಬರುವುದಿಲ್ಲ. ತಿಳಿದವರು ಬಸ್ಸಿನ ಡ್ರೈವರಣ್ಣನ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ.

ಇನ್ನೊಂದು ಯುಪಿಐ ಪಿನ್. ‘ನಾನು ಮಿಲಿಟರಿಯವ, ನಿಮ್ಮ ಶೇರವಾನಿ ಪಸಂದ್ ಬಂತು, ಕ್ಯೂಆರ್ ಕೋಡ್ ಕಳಿಸೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ರಿ, ರೊಕ್ಕ ನಿಮಗ ಬರ್ತದ’ ಎಂದು ಗಿರಾಕಿ ಹೇಳಿದರೆ ಅವನು ಮಿಲಿಟರಿಯವನೂ ಅಲ್ಲ, ಅವನಿಗೆ ಶೇರವಾನಿಯೂ ಬೇಕಿಲ್ಲ. ಹಣ ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ. ಒತ್ತಿಬಿಟ್ಟಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಇಡೀ ಪ್ರಬಂಧದಲ್ಲಿ ಅಣಕು ಬೆರೆಯದ ಮಾತುಗಳು ಕೆಲವೇ; ಅವುಗಳಲ್ಲಿ ಇದು ಮುಖ್ಯ.

ಈ ಸಂಶೋಧನೆಯನ್ನು ಮೆಚ್ಚಿ ಸನ್ಮಾನಕ್ಕೆ ಮುಂದಾಗುವ ಸಂಘ-ಸಂಸ್ಥೆಗಳಲ್ಲಿ ಒಂದು ಬಿನ್ನಹ. ಶಾಲು ದಯವಿಟ್ಟು ಬೇಡ. ಸ್ಟೀಲಿನ ಡಬ್ಬಿ ಕೊಡಿ. ಮುಚ್ಚಳ ಇರಲಿ.