ಬೆಕ್ಕಿನ ಗಡಿ ತಕರಾರು

ರಾಯದುರ್ಗದ ನಿವೃತ್ತ ಸಮಾಜ ಪಾಠದ ಮೇಷ್ಟ್ರ ಮನೆಯಲ್ಲಿ ಬೆಕ್ಕು ಒಂದೇ. ಊರಿಗೆಲ್ಲ ಅದೇ ಚಿಂತೆ. ಬಂದವರೆಲ್ಲ ಚಿನ್ನಿಯನ್ನು ನೋಡಿ "ಪಾಪ, ಒಂಟಿ" ಅನ್ನುವವರೇ. ಪಿಗ್ಮಿ ಕಟ್ಟಿಸಿಕೊಳ್ಳಲು ಬರುವವನು ಅಂದ, ಬೆಂಗಳೂರಿನ ಸೊಸೆ ವಿಡಿಯೋ ಕಾಲ್‌ನಲ್ಲಿ ಅಂದಳು, ಸ್ವಂತ ತಮ್ಮನ ಜೊತೆ ಮಾತು ಬಿಟ್ಟು ವರ್ಷಗಳಾದ ಷಡ್ಡಕರೂ ಅಂದುಬಿಟ್ಟರು. ಒಂಟಿ ಅನ್ನಿಸಿಕೊಂಡವಳು ಮಾತ್ರ ಜೀನ್ಸ್ ತುಂಡುಗಳ ಹಾಸಿಗೆಯ ಮೇಲೆ ಹೊಟ್ಟೆ ಮೇಲೆ ಮಾಡಿಕೊಂಡು ನಿದ್ದೆ ಹೊಡೆಯುತ್ತಿದ್ದಳು. ರೆಡಿಮೇಡ್ ಬಟ್ಟೆ ಹೊಲಿಯುವ ಊರಿನಲ್ಲಿ ತುಂಡು ಬಟ್ಟೆಗೇನು ಬರ?

ಮೇಷ್ಟ್ರು ಯಾವುದನ್ನೂ ದಾಖಲೆ ಇಲ್ಲದೆ ತೀರ್ಮಾನಿಸುವವರಲ್ಲ. ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಗೆರೆ ಎಳೆದು, ಇನ್ನೊಂದು ಬೆಕ್ಕು ತರುವುದಕ್ಕೆ 'ಪರ', 'ವಿರೋಧ' ಎಂದು ಎರಡು ಅಂಕಣ ಮಾಡಿದರು. ಮೊದಲ ಸಾಕ್ಷಿ ತೆನಾಲಿ ರಾಮಕೃಷ್ಣ. ಇಲಿ ಕಾಟ ತಡೆಯಲು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಹಂಚಿದ ಕಥೆ ಎಲ್ಲರಿಗೂ ಗೊತ್ತು. ಮನೆಗೆ ಎರಡು ಕೊಟ್ಟನೆಂದು ಕಥೆಯಲ್ಲೂ ಇಲ್ಲ. ಮೇಷ್ಟ್ರು ಅದನ್ನು 'ವಿರೋಧ'ಕ್ಕೆ ಸೇರಿಸಿದರು. "ಹಸು ಕೊಡೋರು ಯಾರಾದ್ರೂ ಇದ್ರೆ ನೋಡ್ರಿ, ಇನ್ನೊಂದು ಬೆಕ್ಕು ನಾನೇ ಸಾಕ್ತೀನಿ," ಎಂದು ಹೆಂಡತಿ ಅಡುಗೆಮನೆಯಿಂದಲೇ ತಿದ್ದುಪಡಿ ಸೂಚಿಸಿದರು.

ಎರಡನೆಯ ಸಾಕ್ಷಿ ಸೈಪ್ರಸ್ ದ್ವೀಪದ್ದು. ಅಲ್ಲಿನ ಶಿಲ್ಲುರೊಕಾಂಬೋಸ್ ಎಂಬಲ್ಲಿ ಸುಮಾರು 9,500 ವರ್ಷ ಹಿಂದೆ ಮನುಷ್ಯರೊಬ್ಬರನ್ನು ಹೂತ ಜಾಗದ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದರು. 2004ರಲ್ಲಿ ಅದು ಜಗತ್ತಿಗೆಲ್ಲ ಸುದ್ದಿಯಾಯಿತು. "ಅಲ್ಲೂ ಒಂದೇ" ಎಂದು ಮೇಷ್ಟ್ರು ಅಡಿಗೆರೆ ಹಾಕಿದರು.

ವಿಜ್ಞಾನವೂ ಬಹುಮಟ್ಟಿಗೆ ಅದೇ ಪಕ್ಷ. ಮನೆಬೆಕ್ಕು ಆಫ್ರಿಕದ ಕಾಡುಬೆಕ್ಕಿನ ವಂಶ, ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ತೋಳ ಗುಂಪು ಕಟ್ಟುವುದು ದೊಡ್ಡ ಬೇಟೆ ಕೆಡವಲು. ಚಿಟ್ಟಿಲಿ ಹಿಡಿಯಲು ಗುಂಪು ಯಾಕೆ? ಹಿಡಿದರೂ ಹಂಚಿಕೊಳ್ಳುವಷ್ಟು ಅದರಲ್ಲಿ ಏನಿದೆ? ಆದರೆ ಊಟ ಹೇರಳವಾಗಿ ಸಿಗುವ ಕಡೆ, ಕಣ, ಉಗ್ರಾಣ, ಮೀನು ಪೇಟೆಗಳಲ್ಲಿ, ಬೆಕ್ಕುಗಳು ಒಟ್ಟಿಗೆ ಬಾಳುತ್ತವೆ. ಹೆಚ್ಚಾಗಿ ತಾಯಿ, ಮಗಳು, ಅಕ್ಕ, ತಂಗಿ. ಒಬ್ಬಳ ಮರಿಗೆ ಇನ್ನೊಬ್ಬಳು ಹಾಲೂಡಿಸುವುದೂ ಉಂಟು. ಇಲ್ಲಿ ಮೇಷ್ಟ್ರು ಪೆನ್ನು ಕೆಳಗಿಟ್ಟರು. ಚಿನ್ನಿಯ ತವರು ಮಡಕಶಿರಾ, ಅವರ ತಂಗಿಯ ಮನೆಯ ಶೇಂಗಾ ಉಗ್ರಾಣ. ಅದೇ ತಾಯಿಬೆಕ್ಕು ಮತ್ತೆ ಮರಿ ಹಾಕಿದೆ. ಅಂದರೆ ಚಿನ್ನಿಗೆ ಸ್ವಂತ ತಂಗಿಯರಿದ್ದಾರೆ!

ಪಶು ಆಸ್ಪತ್ರೆಯ ಡಾಕ್ಟರು ಆ ಉತ್ಸಾಹಕ್ಕೆ ತಣ್ಣೀರು ಎರಚಿದರು. ಬೆಕ್ಕಿನ ಸ್ನೇಹ ಕುದುರುವುದು ಬಹುಪಾಲು ಎರಡನೇ ವಾರದಿಂದ ಏಳನೇ ವಾರದೊಳಗೆ. ಬೆಳೆದ ಮೇಲೆ ತಂಗಿಯೂ ಒಂದೇ, ದಾರಿಹೋಕಳೂ ಒಂದೇ. ತರಲೇಬೇಕಿದ್ದರೆ ಮೊದಲು ವಾಸನೆ ಬದಲಾಯಿಸಿಕೊಳ್ಳಿ ಎಂದು ಒಂದು ಚೀಟಿ ಬರೆದುಕೊಟ್ಟರು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ, ಕುರ್ಚಿ ಕಾಲಿಗೆ, ಯಜಮಾನನ ಮೊಣಕಾಲಿಗೆ ಅದು ಕೆನ್ನೆ ಉಜ್ಜುವುದು ಬರೀ ಮುದ್ದಲ್ಲ, ಬಾಂದುಕಲ್ಲು ನೆಡುವ ಕೆಲಸ. ತಮ್ಮ ಮೊಣಕಾಲು ಚಿನ್ನಿಯ ಗಡಿಯೊಳಗೆ ಸೇರಿದೆ ಎಂದು ತಿಳಿದು ಮೇಷ್ಟ್ರಿಗೆ ಹೆಮ್ಮೆಯೇ ಆಯಿತು.

ಚಿನ್ನಿಯ ಕೆನ್ನೆಗೆ ಉಜ್ಜಿದ ಜೀನ್ಸ್ ತುಂಡು ಹಿಡಿದು ಮಡಕಶಿರಾಕ್ಕೆ ಹೊರಟರು. ರಾಯದುರ್ಗ, ಮಡಕಶಿರಾ ಎರಡೂ ಮೊದಲು ಅನಂತಪುರ ಜಿಲ್ಲೆಯವೇ. 2022ರ ಏಪ್ರಿಲ್ 4ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಲ್ಯಾಣದುರ್ಗ ದಾಟಿ ಪಾವಗಡದ ಮೇಲೆ ಹೋದರೆ ಆಂಧ್ರದಿಂದ ಆಂಧ್ರಕ್ಕೆ ಹೋಗಲು ನಡುವೆ ಕರ್ನಾಟಕ ಸಿಗುತ್ತದೆ. ಮೂರು ಕಡೆ ಆಂಧ್ರ ಸುತ್ತಿರುವ ತಾಲ್ಲೂಕು ಪಾವಗಡ. ತಂಗಿ ಮನೆಯಲ್ಲಿ ಊಟವಾಯಿತು. ಮೂರು ಬಣ್ಣದ ಮರಿಯೊಂದು ಮಧ್ಯಾಹ್ನವೆಲ್ಲ ಮೇಷ್ಟ್ರ ಪಂಚೆಯ ಮಡಿಲಲ್ಲಿ ಮಲಗಿತು. ಬಟ್ಟೆ ತುಂಡು ಬದಲಾಯಿತು.

ರಾತ್ರಿ ಮನೆ ಸೇರಿದವರೇ ಪ್ಲಾಸ್ಟಿಕ್ ಕವರಿನಿಂದ ತುಂಡನ್ನು ತೆಗೆದು ಚಿನ್ನಿಯ ಮುಂದಿಟ್ಟು, ಕನ್ನಡಕ ಏರಿಸಿ, ಹಾಜರಿ ಪುಸ್ತಕ ತೆರೆದು ಕುಳಿತರು. ಚಿನ್ನಿ ಆ ತುಂಡನ್ನು ದಾಟಿಕೊಂಡು ಬಂದು ಮೇಷ್ಟ್ರ ಪಂಚೆಯ ಅಂಚು ಮೂಸಿದಳು. ಕಿವಿ ಹಿಂದಕ್ಕೆ ಒರಗಿದವು. ಬಾಲ ಉಬ್ಬಿತು. "ಹ್‌ಸ್ಸ್!"

"ಚಿನ್ನೀ, ನಾನು ಕಣೇ."

"ಹ್‌ಸ್ಸ್!"

ಮೇಷ್ಟ್ರು ಪಂಚೆ ಬದಲಿಸಿದರು. ಸ್ನಾನ ಮಾಡಿದರು. ಸೋಪು ಹಾಕಿ ಇನ್ನೊಮ್ಮೆ ಮಾಡಿದರು. ಈಗ ಹಳೆಯ ವಾಸನೆಯೂ ಹೋಗಿ ಅಪ್ಪಟ ಪರಕೀಯರಾದರು. ನಡುಮನೆಯ ಹೊಸಲಿನ ಮೇಲೆ ಕೂತ ಚಿನ್ನಿ ಅವರನ್ನು ಒಳಗೆ ಬಿಡಲಿಲ್ಲ. ಹೆಂಡತಿ ಡಾಕ್ಟರ ಚೀಟಿಯನ್ನು ಗಟ್ಟಿಯಾಗಿ ಓದಿದರು: "ಹೊಸ ಪ್ರಾಣಿಯನ್ನು ಬೇರೆ ಕೋಣೆಯಲ್ಲಿ ಇಡುವುದು. ಬಾಗಿಲಿನ ಆಚೆ ಈಚೆ ಊಟ ಕೊಡುವುದು. ದಿನದಿನಕ್ಕೆ ತಟ್ಟೆಗಳನ್ನು ಹತ್ತಿರ ತರುವುದು. ಗದರಬಾರದು." ಓದಿ ಮುಗಿಸಿ ಗಂಡನ ಮುಖ ನೋಡಿದರು. "ಹೊಸ ಪ್ರಾಣಿ ಈಗ ನೀವೇರಿ."

ಹೀಗೆ ಮೇಷ್ಟ್ರು ತಮ್ಮದೇ ಮನೆಯ ಮುಂದಿನ ಕೋಣೆಗೆ ಸ್ಥಳಾಂತರಗೊಂಡರು. ಬಾಗಿಲು ಎರಡು ಬೆರಳಿನಷ್ಟು ತೆರೆದಿತ್ತು. ಈಚೆ ಮೇಷ್ಟ್ರು, ಮುದ್ದೆ, ಸೊಪ್ಪಿನ ಸಾರು. ಆಚೆ ಚಿನ್ನಿ, ಹಾಲನ್ನ. ಒಂದು ತುತ್ತು ನುಂಗಿ ಸಂದಿಯಲ್ಲಿ ಇಣುಕುವರು, ಗುರ್ ಎಂದರೆ ಮುದ್ದೆಯ ಸಮೇತ ಹಿಂದೆ ಸರಿಯುವರು. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಮಲದ ತಟ್ಟೆ ಹೆಚ್ಚಿರಬೇಕು ಎಂಬ ಸೂಚನೆಯೂ ಚೀಟಿಯಲ್ಲಿತ್ತು. ಮುಂದಿನ ಕೋಣೆಗೆ ಬೇರೆ ಬಾತ್‌ರೂಮ್ ಇದ್ದದ್ದು ಪುಣ್ಯ. ಮರುದಿನ ಪಿಗ್ಮಿಯವನು ಬಂದಾಗ ಮೇಷ್ಟ್ರು ನೆಲದ ಮೇಲೆ ಕೂತು ಬಾಗಿಲಿಗೆ ಮುಖ ಮಾಡಿ ಉಣ್ಣುತ್ತಿದ್ದರು.

"ಏನ್ ಮೇಷ್ಟ್ರೇ, ಒಬ್ರೇ?"

"ಒಬ್ಬನೇ ಅಲ್ಲಪ್ಪ," ಎಂದರು ಮೇಷ್ಟ್ರು, ತಗ್ಗಿದ ದನಿಯಲ್ಲಿ. "ಬಾಗಿಲಾಚೆ ಚಿನ್ನಿ ಇದಾಳೆ. ಇವತ್ತು ಇನ್ನೂ ಬೈದಿಲ್ಲ."

ಆ ಕೋಣೆಯಲ್ಲಿ ಮಲಗಿದಾಗ ಮೇಷ್ಟ್ರಿಗೆ ತಾವು ವರ್ಷಗಟ್ಟಲೆ ಹೇಳಿದ ಪಾಠವೇ ನೆನಪಾಗುತ್ತಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ತಾಲ್ಲೂಕು ಯಾರಿಗೆ ಎಂದು ವಿಚಾರಿಸಲು ನ್ಯಾಯಮೂರ್ತಿ ಮಿಶ್ರಾ ಬಂದಿದ್ದರು. ಅದು ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗಗಳಿಗೆ ಆ ಭಾಗ್ಯ ಇರಲಿಲ್ಲ. ಮೇಷ್ಟ್ರ ಅಪ್ಪ ಬಳ್ಳಾರಿ ಜಿಲ್ಲೆಯಲ್ಲಿ ಮಲಗಿ ಅನಂತಪುರ ಜಿಲ್ಲೆಯಲ್ಲಿ ಎದ್ದರು, ಅದೇ ಮಂಚದ ಮೇಲೆ. ಆಮೇಲೆ ಕನ್ನಡ ಮಾಧ್ಯಮದ ಬೆಂಚುಗಳು ಒಂದೊಂದೇ ಖಾಲಿಯಾದದ್ದನ್ನು ಮಗ ತನ್ನ ಹಾಜರಿ ಪುಸ್ತಕದಲ್ಲೇ ಕಂಡ. ಗೆರೆ ಎಳೆದವರು ಆಗಲೂ ಒಳ್ಳೆಯದಕ್ಕೇ ಎಂದಿದ್ದರು. ಚಿನ್ನಿಯನ್ನು ಕೇಳದೆ ಅವಳ ಮನೆಯನ್ನು ಪಾಲು ಮಾಡಲು ಹೊರಟ ತಮಗೂ ಅವರಿಗೂ ಏನು ವ್ಯತ್ಯಾಸ?

ವಾರ ಕಳೆಯುವಷ್ಟರಲ್ಲಿ ತಟ್ಟೆಗಳು ಹೊಸಲಿಗೆ ಬಂದವು. ಚಿನ್ನಿ ಒಂದು ಸಂಜೆ ಬಂದು ಮೊಣಕಾಲಿಗೆ ಕೆನ್ನೆ ಉಜ್ಜಿ ಮೇಷ್ಟ್ರನ್ನು ಮತ್ತೆ ತನ್ನ ಗಡಿಯೊಳಗೆ ಸೇರಿಸಿಕೊಂಡಳು. ಹಾಜರಿ ಪುಸ್ತಕದ ಕೆಳಗೆ "ಪ್ರಸ್ತಾವ ಕೈಬಿಡಲಾಗಿದೆ" ಎಂದು ಬರೆದು ಸಹಿ ಹಾಕಿದರು.

ಉಂಡು, ಆಡಿ, ಹಾಯಾಗಿ ಮಲಗುವ ಬೆಳೆದ ಬೆಕ್ಕನ್ನು ಅದರ ಪಾಡಿಗೆ ಬಿಡಿ ಎಂಬುದೇ ಈಗ ಮೇಷ್ಟ್ರ ತೀರ್ಪು. ಜೊತೆ ಬೇಕು ಅನ್ನುವವರು ಮೊದಲ ದಿನವೇ ಒಂದೇ ಸೂಲಿನ ಎರಡು ಮರಿ ತನ್ನಿ, ಎರಡಕ್ಕೂ ಲಸಿಕೆ ಹಾಕಿಸಿ, ಸಂತಾನಹರಣ ಚಿಕಿತ್ಸೆ ಮಾಡಿಸಿ. ಮಡಕಶಿರಾದ ಉಗ್ರಾಣದಲ್ಲಿ ಇನ್ನೂ ಎರಡು ಮರಿ ಇವೆ. ಬೇಕಾದವರು ಬರಬಹುದು, ಆದರೆ ಜೋಡಿಯಾಗಿಯೇ ಒಯ್ಯಬೇಕು ಎಂದು ಮೇಷ್ಟ್ರ ತಂಗಿ ಖಡಾಖಂಡಿತವಾಗಿ ಹೇಳಿದ್ದಾರೆ.