ಗಿಡ್ಡ ನಾಯಿಯ ಗತ್ತು

ಪಾಸ್‌ಪೋರ್ಟ್ ಕೇಳದ ಸಿಂಗಾಪುರ ನಮ್ಮದು. ಬೆಂಗಳೂರಿನ ವಿದ್ಯಾರಣ್ಯಪುರದ ಪಕ್ಕದಲ್ಲೇ ಇದೆ. ರಾತ್ರಿ ಬೈಕಿನಲ್ಲಿ ಬರುವವರಿಗೆ ಇಲ್ಲಿ ನಾಯಿಗಳ ರಿಲೇ ಹೊಸದಲ್ಲ. ಒಂದು ಕ್ರಾಸಿನವು ಅಟ್ಟಿಸಿಕೊಂಡು ಬಂದು ಗಡಿಯಲ್ಲಿ ನಿಂತರೆ, ಮುಂದಿನ ಕ್ರಾಸಿನವು ಜವಾಬ್ದಾರಿ ವಹಿಸಿಕೊಳ್ಳುತ್ತವೆ.

ಇದಕ್ಕೇ ಒಂದಿಷ್ಟು ಶಿಸ್ತು ತುಂಬಿದರೆ ಫ್ಲೈಬಾಲ್. ತಂಡಕ್ಕೆ ನಾಲ್ಕು ನಾಯಿ. 51 ಅಡಿ ಓಟ, ದಾರಿಯಲ್ಲಿ ನಾಲ್ಕು ಹರ್ಡಲ್. ತುದಿಯ ಪೆಟ್ಟಿಗೆಯನ್ನು ಕಾಲಿಂದ ಒತ್ತಿದರೆ ಚೆಂಡು ಚಿಮ್ಮುತ್ತದೆ. ಅದನ್ನು ಕಚ್ಚಿಕೊಂಡು ಹಾರುತ್ತಾ ವಾಪಸ್. ಆಮೇಲೆ ಮುಂದಿನ ನಾಯಿ. ಉತ್ತರ ಅಮೆರಿಕದಲ್ಲಿ 1984ರಿಂದ ಇದಕ್ಕೊಂದು ಸಂಘವೂ ಇದೆ. ಸಂಘ ಅಂದಮೇಲೆ ಜಗಳ ಇಲ್ಲದಿದ್ದೀತೇ?

ನನಗೆ ತುಂಬ ಹಿಡಿಸಿದ ನಿಯಮವೊಂದಿದೆ. ಹರ್ಡಲ್‌ನ ಎತ್ತರ ನಿಗದಿಯಾಗುವುದು ತಂಡದ ಅತಿ ಗಿಡ್ಡ ನಾಯಿಯ ಅಳತೆಗೆ! ನಮ್ಮ ಮುಧೋಳ ನಾಯಿ ಎಷ್ಟೇ ಠೀವಿಯಿಂದ ಹಾರಲಿ, ಅದರ ಕೆಲಸ ಹಗುರ ಮಾಡುವುದು ಪಕ್ಕದ ಮನೆ ಡ್ಯಾಶಂಡಿನ ಮೋಟುಕಾಲು.

ನಾಯಿಗಳನ್ನು ಓಡಿಸಬಹುದು, ಮಾಲೀಕರನ್ನು ಸಾಲಾಗಿ ನಿಲ್ಲಿಸುವುದೇ ಕಷ್ಟ. "ನಮ್ಮ ಬ್ರೂನೋಗೆ ಮೂಡಿಲ್ಲ ಸಾರ್, ಕೊನೇಲಿ ಬಿಡಿ" ಅನ್ನುವವರು ಒಬ್ಬರಾದರೂ ಇರುತ್ತಾರೆ. ತಂಡ ಕಟ್ಟುವ ಆಸೆಯಿದ್ದರೆ ಈಗಿನಿಂದಲೇ ಡ್ಯಾಶಂಡ್ ಮನೆಯವರ ಜೊತೆ ಚೆನ್ನಾಗಿರಿ.